ರೋವರ್‌ಗೆ ಆಟೊಮ್ಯಾಟಿಕ್ ಗೇರೇ ಸರಿ

ಹಳೆಯ ಬ್ರಿಟಿಷ್ ಸಲೂನ್ (ಸೆಡಾನ್) ಕಾರುಗಳಿಗೆ ಆಟೊಮ್ಯಾಟಿಕ್ ಗೇರ್ ಒಗ್ಗುವುದಿಲ್ಲ ಎಂದು ಲೇಖಕರೊಬ್ಬರು ಬರೆದಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. 1967ರಲ್ಲಿ ಬಂದ ರೋವರ್ ಪಿ5ಬಿಯನ್ನೇ ನೋಡಿ. 3.5 ಲೀಟರಿನ, ಎಂಟು ಸಿಲಿಂಡರಿನ ಅಲ್ಯೂಮಿನಿಯಂ ವಿ8 ಎಂಜಿನ್, ಬೋರ್ಗ್ ವಾರ್ನರ್ ಕಂಪನಿಯ ಮೂರು ಹಂತದ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಮ್ಯಾನುಯಲ್ ಗೇರಿನ ಆಯ್ಕೆಯನ್ನೇ ಕಂಪನಿ ಕೊಡಲಿಲ್ಲ. ಕಡಿಮೆ ವೇಗದಲ್ಲೂ ಎಂಜಿನ್ ಧಾರಾಳವಾಗಿ ಎಳೆಯುವುದರಿಂದ ಮೂರೇ ಗೇರು ಸಾಕು. ಗೇರ್ ಬದಲಾಗುವಾಗ ಸಣ್ಣದೊಂದು ಜಗ್ಗು ಇರುತ್ತದೆ, ನಿಜ. ಆದರೆ ಆ ದಪ್ಪ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು, ಅದರ ಕೆಳಗೆ ಸ್ಪ್ಯಾನರುಗಳನ್ನು ಜೋಡಿಸಿಟ್ಟ ಪುಟ್ಟ ಡ್ರಾಯರು! ತಿರುವಿನಲ್ಲಿ ವಾಲುತ್ತದೆ, ಅವಸರದವರ ಕಾರಲ್ಲ. ಉತ್ಪಾದನೆ 1973ರಲ್ಲೇ ನಿಂತರೂ, 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಪ್ರಧಾನಿಯಾಗಿ ಡೌನಿಂಗ್ ಸ್ಟ್ರೀಟಿನ ಅಧಿಕೃತ ನಿವಾಸಕ್ಕೆ ಬಂದದ್ದು ಇದರಲ್ಲೇ. ಕೊಳ್ಳುವವರು ಮಾತ್ರ ಗೇರ್‌ಬಾಕ್ಸ್ ಎಣ್ಣೆಯನ್ನು ಮೊದಲು ಮೂಸಿ ನೋಡಲಿ: ಸುಟ್ಟ ವಾಸನೆ ಬಂದರೆ ಆ ಕಾರು ಬೇಡ.