ಆಯುಷ್ಮಾನ್ ಕಾರ್ಡ್ ಇದ್ದರೆ ಹೋಮ್ ನರ್ಸ್ ಉಚಿತವೇ?

‘70 ವರ್ಷ ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಮಾಡಿಸಿದರೆ ಮನೆಗೇ ಹೋಮ್ ನರ್ಸ್ ಬರ್ತಾರೆ, ಸಂಬಳ ಸರ್ಕಾರದ್ದು’ ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಕೇಂದ್ರದ ಆಯುಷ್ಮಾನ್ ಆರೋಗ್ಯ ವಿಮೆ ಯೋಜನೆ 2024ರ ಅಕ್ಟೋಬರ್ 29ರಿಂದ 70 ತುಂಬಿದ ಎಲ್ಲರಿಗೂ ವಿಸ್ತರಣೆಯಾಯಿತು. ಆದಾಯದ ಮಿತಿ ಇಲ್ಲ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆದರೆ ಅದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ, ಪರೀಕ್ಷೆಗಳೂ ಸೇರುತ್ತವೆ. ಹಾಸಿಗೆ ಹಿಡಿದ ಅಮ್ಮನನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವವರ ಸಂಬಳ ಸೇರುವುದಿಲ್ಲ. ಆ ಹಣ ಇವತ್ತಿಗೂ ಮನೆಯವರ ಜೇಬಿನಿಂದಲೇ ಹೋಗುತ್ತದೆ.

ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯೂ ಬೇರೆ. ಅದರಲ್ಲಿ ಮನೆಗೆ ಬಂದು ಬಿಪಿ, ಶುಗರ್‌ನಂಥ ಕಾಯಿಲೆ ತಪಾಸಣೆ ಮಾಡುತ್ತಾರೆ, ದಿನವಿಡೀ ಆರೈಕೆ ಅಲ್ಲ.

ನನಗೆ ಜಾಸ್ತಿ ಕಳವಳ ತರುವುದು ಇನ್ನೊಂದು ಸಂಗತಿ. ಮನೆ ಆರೈಕೆ ಏಜೆನ್ಸಿಗಳಿಗೂ ಕನಿಷ್ಠ ಮಾನದಂಡ ತರಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡನೆಯಾಗಿತ್ತು. ತಂದೆ-ತಾಯಿ, ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಗೆ ಅದು ತಿದ್ದುಪಡಿ. ಪಾಸಾಗದೆ, 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. 2011ರ ಜನಗಣತಿಯಲ್ಲೇ 60 ದಾಟಿದವರು 10 ಕೋಟಿಗೂ ಹೆಚ್ಚು. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಇಂಥ ಹೊತ್ತಲ್ಲಿ ನಿಯಮವೇ ಇಲ್ಲದಿದ್ದರೆ ಹಿರಿಯರಿಗೂ ಕಷ್ಟ, ಹೋಮ್ ನರ್ಸ್ ಆಗಿ ಹಗಲು ರಾತ್ರಿ ದುಡಿಯುವ ಹೆಣ್ಣುಮಕ್ಕಳಿಗೂ ಕಷ್ಟ ಅಲ್ವಾ?

ಏಜೆನ್ಸಿಯಿಂದ ಯಾರನ್ನಾದರೂ ಕರೆಸುವಾಗ ತರಬೇತಿ, ಕೆಲಸದ ಅವಧಿ, ವಾರದ ರಜೆ ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಹಿರಿಯರಿಗೆ ತೊಂದರೆಯಾದರೆ 14567 ಸಹಾಯವಾಣಿ ಇದೆ.