ಹಾಕಿ ನೋಡೋಣ, ದುಡ್ಡು ಭಾವನದು ತಾನೇ

ಭಾವನ ಕಾರಿನ ಗ್ಯಾರೇಜ್ ಬಿಲ್ ಈಗಷ್ಟೇ ನೋಡಿದೆ. ಫ್ಯೂಯಲ್ ಪಂಪ್, ನಾಲ್ಕು ಪ್ಲಗ್, ಇಗ್ನಿಷನ್ ಕಾಯಿಲ್, ಲೇಬರ್. ಇದರಲ್ಲಿ ಯಾವುದೂ ಕೆಟ್ಟಿರಲಿಲ್ಲ. ಒಂದೂ ಇಲ್ಲ. ಕೆಟ್ಟಿದ್ದು ಕ್ರ್ಯಾಂಕ್ ಸೆನ್ಸರ್, ಎಂಜಿನ್ ತಿರುಗುವುದನ್ನು ಗಮನಿಸುವ ಪುಟ್ಟ ಭಾಗ. ಹೆಬ್ಬೆರಳಿನಷ್ಟು ದಪ್ಪದ್ದು, ಎರಡು ವೈರಿನದ್ದು. ಬಿಲ್‌ನಲ್ಲಿ ಅದರ ಹೆಸರೇ ಇಲ್ಲ.

ಐಟಿಐನಲ್ಲಿ ವರ್ಷಗಟ್ಟಲೆ ಹುಡುಗರ ಕೈಗೆ ಮಲ್ಟಿಮೀಟರ್ ಕೊಟ್ಟು "ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ" ಅಂತ ಬಾಯಿ ನೋಯಿಸಿಕೊಂಡವನು ನಾನು. ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಇವತ್ತು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಓದಲು ಆಗದವರು ಲೈಕ್ ಒತ್ತಿ ಮುಂದೆ ಹೋಗಿ.

ಕಾರಿನ ಕಾಯಿಲೆ ಇಷ್ಟೇ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಊರೊಳಗೆ ಓಡಾಡಿದರೆ ತೊಂದರೆಯಿಲ್ಲ. ದೂರ ಓಡಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಯಾವ ಸೂಚನೆಯೂ ಇಲ್ಲದೆ, ಸ್ವಿಚ್ ಆಫ್ ಮಾಡಿದ ಹಾಗೆ ಗಪ್ ಅಂತ ನಿಲ್ಲುತ್ತದೆ. ಸೆಲ್ಫ್ ಹೊಡೆದರೆ ಮೋಟಾರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಗ್ಯಾರೇಜಿಗೆ ತರುವ ಹೊತ್ತಿಗೆ ಎಲ್ಲ ಸರಿ. ಈ ಲಕ್ಷಣ ಕೇಳಿದ ಕೂಡಲೇ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಬರಬೇಕು. ಕಾರಣ ಬೇರೆ ಇರಬಹುದು, ಆದರೆ ಮೊದಲ ಅನುಮಾನ ಅದರ ಮೇಲೇ ಇರಬೇಕು.

ಯಾಕೆ ಅಂದರೆ, ಎಂಜಿನ್ ತಿರುಗುತ್ತಿದೆಯೋ ಇಲ್ಲವೋ, ಪಿಸ್ಟನ್ ಎಲ್ಲಿದೆ ಅನ್ನೋದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಮುಖ್ಯವಾಗಿ ಗೊತ್ತಾಗುವುದೇ ಈ ಸೆನ್ಸರ್‌ನಿಂದ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತಿರುತ್ತದೆ. ತುಂಬಾ ಕಾರುಗಳಲ್ಲಿ 60 ಹಲ್ಲಿನ ಲೆಕ್ಕದಲ್ಲಿ ಎರಡನ್ನು ಬೇಕಂತಲೇ ಬಿಟ್ಟು 58 ಇಟ್ಟಿರುತ್ತಾರೆ. ಆ ಖಾಲಿ ಜಾಗ ಬಂದಾಗ ಇಸಿಯುಗೆ ಲೆಕ್ಕ ಸಿಗುತ್ತದೆ. 3000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಸೆಕೆಂಡಿಗೆ 2900 ಹಲ್ಲು ಸೆನ್ಸರ್ ಮುಂದೆ ಹಾದುಹೋಗುತ್ತವೆ. ಆ ಸಿಗ್ನಲ್ ನಿಂತರೆ ಎಂಜಿನ್ ನಿಂತಿದೆ ಅಂತಲೇ ಇಸಿಯು ತಿಳಿಯುತ್ತದೆ. ಸ್ಪಾರ್ಕ್ ಬಂದ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದ್, ಪಂಪಿಗೆ ಕರೆಂಟ್ ಕೊಡುವ ರಿಲೇ ಬಂದ್. ಆಗ ತಳ್ಳಿದರೂ ಸ್ಟಾರ್ಟ್ ಆಗಲ್ಲ. ಪಾಪ, ಭಾವ ದಾರಿಹೋಕರನ್ನೆಲ್ಲ ಕರೆದು ತಳ್ಳಿಸಿದ್ದರು.

ಈಗ ಮೆಕ್ಯಾನಿಕ್ ಸಾಹಸ ಕೇಳಿ. ಇನ್ನೂ ಬಿಸಿ ಇದ್ದಾಗಲೇ ಬಂದು ನೋಡಿದ್ದಾನೆ. ಸೆಲ್ಫ್ ಹೊಡೆದರೆ ಪೆಟ್ರೋಲ್ ಬರುತ್ತಿಲ್ಲ, ಪಂಪ್ ಸದ್ದಿಲ್ಲ. "ಪಂಪ್ ಹೋಗಿದೆ ಸಾರ್." ಅಲ್ಲಪ್ಪಾ, ಸೆಲ್ಫ್ ಹೊಡೆಯುವಾಗ ಕ್ರ್ಯಾಂಕ್ ಸಿಗ್ನಲ್ ಇಲ್ಲದಿದ್ದರೆ ಪಂಪಿಗೆ ಕರೆಂಟ್ ಕೊಡುವವರು ಯಾರು? ಅದೇ ಕಾರಿನಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ ಗುಂಯ್ ಅಂತ ಸದ್ದು ಬರುತ್ತದೆ. ಪಂಪ್ ಬದುಕಿದೆ ಅಂತ ಅದೇ ಹೇಳುತ್ತಿದೆ. ಕಿವಿ ಕೊಟ್ಟರೆ ಸಾಕು, ಮೀಟರೂ ಬೇಡ. ಮನೆಯಲ್ಲಿ ಬಲ್ಬ್ ಉರಿಯದಿದ್ದರೆ ಕರೆಂಟ್ ಇದೆಯಾ ಅಂತ ನೋಡದೆ ಹೊಸ ಬಲ್ಬ್ ತರಲು ಅಂಗಡಿಗೆ ಓಡುತ್ತೀವಾ?

ಪಂಪ್ ಹಾಕಿದ ಮೇಲೂ ಕಾರು ನಿಂತಿತು. "ಪ್ಲಗ್ ಹಾಕಿ ನೋಡೋಣ ಸಾರ್." ಮತ್ತೆ ನಿಂತಿತು. "ಕಾಯಿಲ್ ಹಾಕಿ ನೋಡೋಣ." ನೋಡೋಣ ಅನ್ನುವುದು ಇಬ್ಬರೂ, ದುಡ್ಡು ಕೊಡುವುದು ಮಾತ್ರ ಒಬ್ಬರು.

ಇಸಿಯು ದಾಖಲಿಸಿದ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಹಾಕಿಲ್ವಾ ಅಂತ ಕೇಳಿದೆ. ಹಾಕಿದ್ದರಂತೆ, ಕೋಡ್ ಬರಲಿಲ್ಲವಂತೆ. ಬರದೇ ಇರಬಹುದು. ಓಡುತ್ತಿರುವಾಗ ಸಿಗ್ನಲ್ ಸತ್ತರೆ, ಯಾರೋ ಕೀ ಆಫ್ ಮಾಡಿದರು ಅಂತ ಇಸಿಯು ಸುಮ್ಮನಿದ್ದುಬಿಡುವುದೂ ಉಂಟು. ಕೋಡ್ ನೋಡಿದರೆ ಸಾಲದು. ಸೆಲ್ಫ್ ಹೊಡೆಯುತ್ತಾ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡಬೇಕು. ಮೋಟಾರ್ ತಿರುಗುತ್ತಿದ್ದರೂ ಅಲ್ಲಿ ಸೊನ್ನೆ ಇದ್ದರೆ ಕಥೆ ಅಲ್ಲೇ ಅರ್ಧ ಮುಗಿಯಿತು.

ಕೋಡ್ ಬಂದರೂ ಇದೇ ಪಾಡು. ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನ ಕೋಡ್ ಪಿ0335 ಬಂತು ಅಂದರೆ ಸೆನ್ಸರ್ ಬದಲಾಯಿಸು ಅಂತ ಅರ್ಥವಲ್ಲ. ಆ ಸರ್ಕ್ಯೂಟ್‌ನಲ್ಲಿ ಏನೋ ತೊಂದರೆ ಇದೆ ಅಂತ ಅರ್ಥ. ಸರ್ಕ್ಯೂಟ್ ಅಂದರೆ ವೈರೂ ಸೇರಿತು, ಕನೆಕ್ಟರೂ ಸೇರಿತು. ನಮ್ಮ ಮಲೆನಾಡಿನ ಕಡೆ ಇಲಿಗಳಿಗೆ ಬಾನೆಟ್ ಒಳಗಿನ ವೈರ್ ಅಂದರೆ ಎಷ್ಟು ಇಷ್ಟ ಅಂತ ನಿಮಗೇ ಗೊತ್ತು. ಕನೆಕ್ಟರ್ ಒಳಗೆ ಆಯಿಲ್ ಇಳಿದಿರಬಹುದು. ಚಕ್ರದ ಹಲ್ಲು ಮುರಿದಿರಬಹುದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ತೀರಾ ಕುಸಿದರೂ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಇವನ್ನು ನೋಡದೆ ಹೊಸ ಸೆನ್ಸರ್ ಹಾಕಿದರೆ ಅದೂ ಹಾಕಿ ನೋಡೋಣ ಜಾತಿಯದ್ದೇ.

ಭಾನುವಾರ ಕಾರು ಮನೆ ಮುಂದೆಯೇ ಇತ್ತು. ಕನೆಕ್ಟರ್ ಬಿಚ್ಚಿ ಸೆನ್ಸರಿನ ಎರಡು ಪಿನ್‌ಗೆ ಮೀಟರ್ ಇಟ್ಟೆ. 800 ಓಮ್ ಚಿಲ್ಲರೆ. ಈ ಎರಡು ವೈರಿನ, ಒಳಗೆ ತಂತಿ ಸುರುಳಿ ಇರುವ ಜಾತಿಯ ಸೆನ್ಸರಿಗೆ ಅದು ಸರಿಯಾದ ಅಳತೆಯೇ. ತಣ್ಣಗಿದ್ದಾಗ ಅಳೆದು "ಸೆನ್ಸರ್ ಚೆನ್ನಾಗಿದೆ" ಅಂದವರು ಇಲ್ಲೇ ಎಡವುವುದು. ಒಳಗಿರುವುದು ಕೂದಲಿನಷ್ಟು ತೆಳು ತಾಮ್ರದ ಸುರುಳಿ. ಎಲ್ಲೋ ಬಿರುಕು ಬಿಟ್ಟಿದ್ದರೆ ಬಿಸಿಗೆ ತುದಿಗಳು ದೂರವಾಗುತ್ತವೆ, ತಣ್ಣಗಾದರೆ ಮತ್ತೆ ಕೂಡುತ್ತವೆ. ಅಕ್ಕನ ಮಗಳ ಹೇರ್ ಡ್ರೈಯರ್ ತರಿಸಿದೆ. (ಅವಳ ಮುಖ ನೋಡಬೇಕಿತ್ತು.) ಬಿಸಿ ಗಾಳಿ ಬಿಡುತ್ತಾ ಹೋದ ಹಾಗೆ ಮೀಟರ್ ಸ್ವಲ್ಪ ಸ್ವಲ್ಪ ಏರಿತು, ಆಮೇಲೆ ಒಮ್ಮೆಗೇ ಓಪನ್, ಅಂದರೆ ಒಳಗಿನ ಸುರುಳಿಯ ಸಂಪರ್ಕ ಕಡಿದುಹೋಯಿತು. ಸಿಕ್ಕಿಬಿತ್ತು! ನಾನು ಕುಣಿಯಲಿಲ್ಲ, ಆದರೆ ಕುಣಿಯುವಷ್ಟು ಖುಷಿಯಾಗಿದ್ದು ನಿಜ.

ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿರುವ ಮೂರು ವೈರಿನ ಹಾಲ್ ಜಾತಿಯ ಕ್ರ್ಯಾಂಕ್ ಸೆನ್ಸರ್‌ಗೆ ಈ ಓಮ್ ಲೆಕ್ಕ ನಡೆಯಲ್ಲ. ಅದರೊಳಗೆ ಎಲೆಕ್ಟ್ರಾನಿಕ್ಸ್ ಇದೆ. ಅಲ್ಲಿ ಸಪ್ಲೈ ಬರುತ್ತಿದೆಯಾ, ಅರ್ತ್ ಸರಿಯಿದೆಯಾ, ಎಂಜಿನ್ ತಿರುಗಿಸಿದಾಗ ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ಏರಿಳಿಯುತ್ತದೆಯಾ ಅಂತ ನೋಡಬೇಕು.

ಬದಲಾಯಿಸುವುದು ದೊಡ್ಡ ಕೆಲಸವೇನಲ್ಲ, ಕೈ ಹೋಗುವ ಜಾಗ ಸಿಕ್ಕರೆ. ಭಾವನ ಕಾರಿನಲ್ಲಿ ಅದು ಗೇರ್‌ಬಾಕ್ಸ್ ಪಕ್ಕ, ಕೆಳಗಡೆ. ಬ್ಯಾಟರಿಯ ಅರ್ತ್ ತೆಗೆದು, ಸುತ್ತಲ ಮಣ್ಣು ಒರೆಸಿ, ಹತ್ತರ ಸ್ಪ್ಯಾನರಿನಲ್ಲಿ ಒಂದೇ ಬೋಲ್ಟ್ ಬಿಚ್ಚಿದರೆ ಮುಗಿಯಿತು. ಆದರೆ ಸೆನ್ಸರಿನ ಸುತ್ತ ಇರುವ ರಬ್ಬರ್ ಉಂಗುರ, ಓ-ರಿಂಗ್, ಒಣಗಿ ಹಿಡಿದುಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಆಯಿಲ್ ಸ್ಪ್ರೇ ಹೊಡೆದು, ಕಾದು, ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಹೊರಗೆ ತೆಗೆದೆ. ಹೊಸದರ ಓ-ರಿಂಗಿಗೆ ಒಂದು ಹನಿ ಆಯಿಲ್ ಸವರಿ ಕೈಯಲ್ಲೇ ಒತ್ತಿ ಕೂರಿಸಬೇಕು. ಬೋಲ್ಟ್ ಬಿಗಿಮಾಡಿ ಒಳಗೆ ಎಳೆಯಬಾರದು. ಸೆನ್ಸರಿಗೂ ಹಲ್ಲಿಗೂ ನಡುವೆ ಇರುವುದು ಒಂದು ಮಿಲಿಮೀಟರಿನ ಆಸುಪಾಸು. ಓರೆಯಾಗಿ ಕೂತರೆ ಹೊಸ ತಲೆನೋವು. ವೈರನ್ನು ಹಳೆಯ ಕ್ಲಿಪ್ಪಿಗೇ ಸಿಕ್ಕಿಸಿ, ಸೈಲೆನ್ಸರ್ ಪೈಪಿಗೆ ತಾಗದ ಹಾಗೆ. ಕೆಲವು ಕಾರುಗಳಲ್ಲಿ ಇದಾದ ಮೇಲೆ ಸ್ಕ್ಯಾನರ್ ಹಾಕಿ ಹೊಸದನ್ನು ಕಲಿಸಬೇಕು. ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡಿಕೊಳ್ಳಿ. ಮತ್ತೆ, ದಯವಿಟ್ಟು ಡೂಪ್ಲಿಕೇಟ್ ಸೆನ್ಸರ್ ತರಬೇಡಿ. ಇಷ್ಟೆಲ್ಲಾ ಮಾಡಿ ಅದು ಬೇಸಿಗೆಯಲ್ಲಿ ಕೈಕೊಟ್ಟರೆ ನನ್ನನ್ನು ಬಯ್ಯಬೇಡಿ.

ಈಗ ಕೆಲವರು ಹೇಳುತ್ತೀರಿ, ಗೊತ್ತು. ಮೆಕ್ಯಾನಿಕ್‌ಗೆ ದಿನಕ್ಕೆ ಹತ್ತು ಗಾಡಿ, ನಿನ್ನ ಹಾಗೆ ಹೇರ್ ಡ್ರೈಯರ್ ಹಿಡಿದು ಕೂರಲು ಪುರುಸೊತ್ತಿಲ್ಲ, ಪರೀಕ್ಷೆ ಮಾಡಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ ಅಂತ. ಪುರುಸೊತ್ತಿಲ್ಲವಾ? ಪಂಪ್ ಬಿಚ್ಚಲು ಹಿಂದಿನ ಸೀಟ್ ಕಿತ್ತು ಹಾಕಲು ಪುರುಸೊತ್ತಿತ್ತಲ್ಲ! ದುಡ್ಡು ಕೊಡಲ್ಲ ಅನ್ನುವುದು ಮಾತ್ರ ಅರ್ಧ ನಿಜ. ಸ್ಕ್ಯಾನ್ ಮಾಡಿದ್ದಕ್ಕೆ ಚಾರ್ಜ್ ಹಾಕಿದ್ದಾನೆ ಅಂತ ಭಾವ ಗ್ಯಾರೇಜಿನಲ್ಲಿ ಜಗಳ ಆಡಿ ಬಂದಿದ್ದರು. ಬೇಡದ ಪಂಪಿಗೆ ಮಾತಾಡದೆ ದುಡ್ಡು ಎಣಿಸಿದ್ದರು. ವಸ್ತು ಕೈಗೆ ಬಂದರೆ ನಮಗೆ ಸಮಾಧಾನ. ಹಾಗಂತ ಕೆಡದ ವಸ್ತುವನ್ನು ಮಾರುವುದು ಸರಿಯಾಗುತ್ತಾ? ಪರೀಕ್ಷೆಗೆ ಇಷ್ಟು ಅಂತ ಬೋರ್ಡ್ ಹಾಕಲಿ, ನಾನಂತೂ ಕೊಡುತ್ತೇನೆ.

ಇಷ್ಟು ಕೂಗಾಡಲು ದುಡ್ಡೊಂದೇ ಕಾರಣ ಅಲ್ಲ. ಪ್ಲಗ್ ಹಾಕಿಸಿಕೊಂಡು "ಎಲ್ಲ ಸರಿ ಆಯ್ತು" ಅಂತ ಹೊರಟವರು ಧರ್ಮಸ್ಥಳದಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯ ತಿರುವಿನಲ್ಲಿ ನಿಂತಿದ್ದರು. ಕತ್ತಲು, ಮಳೆ, ಹಿಂದಿನಿಂದ ಟ್ಯಾಂಕರ್‌ಗಳು. ಎಂಜಿನ್ ನಿಂತರೆ ಸ್ಟೇರಿಂಗ್ ಗಟ್ಟಿ, ಬ್ರೇಕೂ ಗಟ್ಟಿ. ಅಕ್ಕ ಫೋನ್ ಮಾಡಿ "ಏನೂ ಆಗಿಲ್ಲ ಕಣೋ, ಗಾಬರಿ ಆಗ್ಬೇಡ" ಅಂದಳು. ಅವಳ ದನಿ ನಡುಗುತ್ತಿತ್ತು. ಆ ರಾತ್ರಿ ನಾನು ಮಲಗಲಿಲ್ಲ.

ಹಾಸನ, ಸಕಲೇಶಪುರ ಕಡೆ ಮೊದಲು ಮೀಟರ್ ಕೈಗೆತ್ತಿಕೊಳ್ಳುವ ಮೆಕ್ಯಾನಿಕ್ ಯಾರಾದರೂ ನಿಮಗೆ ಗೊತ್ತಿದ್ದರೆ ಇನ್‌ಬಾಕ್ಸಿಗೆ ತಿಳಿಸಿ. ಚಾರ್ಜ್ ಎಷ್ಟಾದರೂ ಪರವಾಗಿಲ್ಲ, ಭಾವನನ್ನು ನಾನು ಒಪ್ಪಿಸುತ್ತೇನೆ.