ಸ್ಪೇನ್ ಸೋಲಿನ ಜಗಳದಲ್ಲಿ ಮೊರಾಕೊ ಎಲ್ಲಿ?

ಎಡಪಂಥೀಯ ಗೆಳೆಯರು ನಾಲ್ಕು ಜನ ಸೇರಿದಾಗ ಸ್ಪೇನ್ ಅಂತರ್ಯುದ್ಧದ ಮಾತು ಬಂದರೆ ಸಾಕು, ಜಗಳ ಶುರುವಾಗುತ್ತದೆ. ಚುನಾಯಿತ ಎಡಪಂಥೀಯ ರಿಪಬ್ಲಿಕ್ ಸರ್ಕಾರದ ವಿರುದ್ಧ ಜನರಲ್ ಫ್ರಾಂಕೊ ಮತ್ತಿತರ ಸೇನಾಧಿಕಾರಿಗಳು 1936ರಲ್ಲಿ ದಂಗೆ ಎದ್ದಾಗ ಶುರುವಾದ ಯುದ್ಧ ಅದು. ಫ್ರಾಂಕೊ ಗೆದ್ದು ಅದು ಮುಗಿದದ್ದು 1939ರಲ್ಲಿ. ಆದರೂ ಇವತ್ತಿಗೂ "ನಾವು ಯಾಕೆ ಸೋತೆವು" ಅಂತಲೇ ಕೇಳುತ್ತೇವೆ. ನಮ್ಮದೇ ಮನೆಯ ಸಾವಿನ ಹಾಗೆ.

ಕಮ್ಯುನಿಸ್ಟರ ವಾದ: ಮೊದಲು ಯುದ್ಧ ಗೆಲ್ಲಬೇಕಿತ್ತು, ಕ್ರಾಂತಿ ಆಮೇಲೆ. ಪಕ್ಷ, ಸಂಘಗಳು ಕಟ್ಟಿದ ಒಂದೊಂದು ಮಿಲಿಷಿಯಾ (ಜನರ ಸಶಸ್ತ್ರ ಪಡೆ) ಒಂದೊಂದು ದಿಕ್ಕಿಗೆ ಎಳೆದರೆ ಫ್ರಾಂಕೊನ ಸೈನ್ಯದ ಮುಂದೆ ನಿಲ್ಲುವುದು ಹೇಗೆ? ಸರ್ಕಾರವೇ ಬೇಡ ಎನ್ನುವ ಅರಾಜಕತಾವಾದಿಗಳು ಮತ್ತು ಸ್ಟಾಲಿನ್‌ನನ್ನು ವಿರೋಧಿಸುತ್ತಿದ್ದ ಮಾರ್ಕ್ಸ್‌ವಾದಿ ಪಕ್ಷ ಪೌಮ್‌ನ ಕಡೆಯವರ ವಾದ: ಜನ ಬಂದೂಕು ಹಿಡಿದದ್ದೇ ಕ್ರಾಂತಿಗಾಗಿ, ಅದರ ಕತ್ತು ಹಿಸುಕಿದ ಮೇಲೆ ಯಾರಿಗಾಗಿ ಸಾಯಬೇಕು?

ಈ ಜಗಳ ಕೊನೆಗೆ ಬಂದು ನಿಲ್ಲುವುದು ಬಾರ್ಸಿಲೋನಾದ ಟೆಲಿಫೋನ್ ಎಕ್ಸ್‌ಚೇಂಜ್ ಹತ್ತಿರ. 1937ರ ಮೇ 3. ಕಟ್ಟಡ ಅರಾಜಕತಾವಾದಿ ಕಾರ್ಮಿಕರ ಕೈಲಿತ್ತು. ರಿಪಬ್ಲಿಕ್ ಕಡೆಯದೇ ಸರ್ಕಾರದ ಪೊಲೀಸರು ಲಾರಿಗಳಲ್ಲಿ ಬಂದು ಒಳಗೆ ನುಗ್ಗಿದರು, ಮೇಲಿನ ಮಹಡಿಯಿಂದ ಗುಂಡು ಹಾರಿತು. ಸಂಜೆಯೊಳಗೆ ಊರ ತುಂಬ ಬೀದಿ ಅಡ್ಡಗಟ್ಟೆಗಳು. ಫ್ಯಾಸಿಸ್ಟರು ಅರಗಾನ್ ರಂಗದಲ್ಲಿ ಕಾದಿದ್ದಾಗ ಇಲ್ಲಿ ಕಾಮ್ರೇಡ್‌ಗಳು ಕಾಮ್ರೇಡ್‌ಗಳನ್ನೇ ಕೊಂದರು. ಮುಂದಿನ ತಿಂಗಳು ಪೌಮ್ ನಾಯಕ ಆಂಡ್ರೆಸ್ ನಿನ್ ಬಂಧನವಾಯಿತು, ಕಮ್ಯುನಿಸ್ಟರಿಗೆ ಬೆಂಬಲವಾಗಿದ್ದ ಸೋವಿಯತ್ ಗುಪ್ತಚರರು ಅವರನ್ನು ಕೊಲೆ ಮಾಡಿದರು. ಇದನ್ನು ಮುಚ್ಚಿಹಾಕುವ ಯಾವ ಮಾತೂ ನನಗೆ ಒಪ್ಪಿಗೆಯಿಲ್ಲ.

ಹಿಟ್ಲರ್, ಮುಸೊಲಿನಿ ಫ್ರಾಂಕೊಗೆ ವಿಮಾನ, ಸೈನಿಕರನ್ನು ಕಳಿಸಿದರು. ಬ್ರಿಟನ್, ಫ್ರಾನ್ಸ್ "ನಾವು ತಲೆ ಹಾಕುವುದಿಲ್ಲ" ಎಂದು ಕೈಕಟ್ಟಿ ಕೂತವು. ಇದೂ ಸೋಲಿಗೆ ದೊಡ್ಡ ಕಾರಣವೇ.

ಆದರೆ ನನ್ನನ್ನು ಕಾಡುವುದು ಬೇರೆ. ಫ್ರಾಂಕೊನ ಪರವಾಗಿ ಮುಂದಿನ ಸಾಲಿನಲ್ಲಿ ಹೋರಾಡಿದವರಲ್ಲಿ ಹತ್ತಾರು ಸಾವಿರ ಜನ ಮೊರಾಕೊದ ಬಡವರು. 1920ರ ದಶಕದಲ್ಲಿ ಇದೇ ಸ್ಪೇನ್ ಸೈನ್ಯ ತನ್ನ ಆಳ್ವಿಕೆಯಲ್ಲಿದ್ದ ಉತ್ತರ ಮೊರಾಕೊದ ರಿಫ್ ಬೆಟ್ಟಗಳ ಮೇಲೆ ವಿಷಾನಿಲದ ಬಾಂಬ್ ಹಾಕಿತ್ತು. ಆ ಬೆಟ್ಟಗಳ ಮಕ್ಕಳೇ ಸಂಬಳಕ್ಕಾಗಿ, ಮನೆಗೆ ಸಿಗುವ ಸಕ್ಕರೆ, ಎಣ್ಣೆಗಾಗಿ ಸೇನೆ ಸೇರಿದರು. ಹಸಿದ ಹೊಟ್ಟೆಗೆ ಅವರನ್ನು ಬಯ್ಯೋದು ಹೇಗೆ?

1936ರ ಸೆಪ್ಟೆಂಬರ್‌ನಲ್ಲಿ ಮೊರಾಕೊದ ರಾಷ್ಟ್ರೀಯವಾದಿಗಳ ನಿಯೋಗ ಬಾರ್ಸಿಲೋನಾಕ್ಕೆ ಬಂದಿತ್ತು. ಅವರು ಕೇಳಿದ್ದು ಸ್ವಾತಂತ್ರ್ಯ. ಅಲ್ಲಿನ ಮಿಲಿಷಿಯಾ ಸಮಿತಿ ಅವರ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು. ಮ್ಯಾಡ್ರಿಡ್‌ನಲ್ಲಿ ಪ್ರಧಾನಿ ಲಾರ್ಗೊ ಕಬಲೇರೊ ಒಪ್ಪಲಿಲ್ಲ. ಮೊರಾಕೊದ ದೊಡ್ಡ ಭಾಗ ಫ್ರಾನ್ಸ್ ಕೈಲಿತ್ತಲ್ವಾ, ಅದಕ್ಕೆ ಬೇಜಾರಾಗಬಾರದು! ಆ ಸರ್ಕಾರದಲ್ಲಿ ಕಮ್ಯುನಿಸ್ಟ್ ಮಂತ್ರಿಗಳಿದ್ದರು. ನವೆಂಬರ್‌ನಲ್ಲಿ ನಾಲ್ವರು ಅರಾಜಕತಾವಾದಿಗಳೂ ಮಂತ್ರಿಗಳಾದರು. ಮೊರಾಕೊ ಇದ್ದ ಹಾಗೇ ಉಳಿಯಿತು. ಅಷ್ಟೇ ಅಲ್ಲ, ರಿಪಬ್ಲಿಕ್ ಕಡೆಯ ಪೋಸ್ಟರ್‌ಗಳನ್ನು ನೋಡಿ. ಅವುಗಳಲ್ಲಿ 'ಮೂರ್' (ಮೊರಾಕೊದ) ಸೈನಿಕನಿಗೆ ದಪ್ಪ ತುಟಿ, ರಾಕ್ಷಸನ ಮುಖ.

ಸ್ವಾತಂತ್ರ್ಯ ಘೋಷಿಸಿದ್ದರೆ ಯುದ್ಧ ಗೆಲ್ಲುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಫ್ರಾಂಕೊನ ಪಡೆಗಳು ಅಷ್ಟರಲ್ಲೇ ಮೊರಾಕೊದಿಂದ ಜರ್ಮನ್ ವಿಮಾನಗಳಲ್ಲಿ ಸಮುದ್ರ ದಾಟಿ ಬಂದಾಗಿತ್ತು. ಆದರೆ ಆ ಹುಡುಗರಿಗೆ ಹೇಳಲು ನಮ್ಮವರ ಬಾಯಲ್ಲಿ ಒಂದು ಮಾತಾದರೂ ಇರುತ್ತಿತ್ತು. ಯುದ್ಧ ಮೊದಲು ಎಂದವರೂ ಅದನ್ನು ಆಡಲಿಲ್ಲ, ಕ್ರಾಂತಿ ಮೊದಲು ಎಂದವರೂ ಮಂತ್ರಿಗಳಾದ ಮೇಲೆ ಆಡಲಿಲ್ಲ.

ಗೆಳೆಯರೇ, ಮುಂದಿನ ಸಲ ಕೂತಾಗ ಟೆಲಿಫೋನ್ ಎಕ್ಸ್‌ಚೇಂಜ್ ಸ್ವಲ್ಪ ಹೊತ್ತು ಬಿಡೋಣ. ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋದ ಆ ನಿಯೋಗದಿಂದ ಮಾತು ಶುರು ಮಾಡೋಣ.